ಎಷ್ಟು ಮೆಗಾಪಿಕ್ಸೆಲ್ ಅನ್ನೋದು ಆಮೇಲೆ, ಮೊದಲು ಮುಂದಿನ ಹುಲ್ಲು ಕೀಳ್ರಿ

ಪಾರ್ಕಿನಲ್ಲಿ ರಾತ್ರಿ ಓಡಾಡೋ ಪ್ರಾಣಿ ಯಾವುದಂತ ನೋಡಲು ಎಷ್ಟು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಟ್ರ್ಯಾಪ್ (ಮುಂದೆ ಏನಾದರೂ ಸುಳಿದರೆ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾ) ತಗೋಬೇಕು ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಕೊಂಡು ಅಂಗಡಿ ಅಂಗಡಿ ತಿರುಗಿದವನು.

ಧಾರವಾಡದಲ್ಲಿ ನಮ್ಮ ಮನೆ ಹತ್ತಿರದ ಉದ್ಯಾನದ ಗೋಡೆ ಮೇಲೆ ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಬಿದ್ದಿರುತ್ತಿತ್ತು. ಕಡ್ಡಿಯಿಂದ ಬಿಡಿಸಿದರೆ ಬರೀ ಅತ್ತಿಹಣ್ಣಿನ ಬೀಜ. 2021ರ ಸೆಪ್ಟೆಂಬರ್ ಅದು. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಕಡೆ ಚಿರತೆ ಕಂಡು ಜನ ಹೆದರಿದ್ದರು. ಮಾಲಿ, "ಚಿರತಿ ಮರಿ ಇರಬೇಕ್ರೀ ಸರ" ಅಂದ. ಚಿರತೆ ಅತ್ತಿಹಣ್ಣು ತಿಂದು ಬದುಕೋದಿಲ್ಲವಲ್ಲ!

ಉದ್ಯಾನದವರ ಒಪ್ಪಿಗೆ ಪಡೆದು ಅತ್ತಿಮರದ ಎದುರಿನ ಬೇವಿಗೆ ಕ್ಯಾಮೆರಾ ಕಟ್ಟಿದೆ. ಮುಖ ಪೂರ್ವಕ್ಕೆ, ಮುಂದೆ ಮೊಣಕಾಲುದ್ದದ ಹುಲ್ಲು. ಕೆಟ್ಟದ್ದು ಇಲ್ಲೇ. ಕ್ಯಾಮೆರಾ ಟ್ರ್ಯಾಪಿನ ಸೆನ್ಸರ್‌ಗೆ ಪ್ರಾಣಿ ಗೊತ್ತಾಗೋದಿಲ್ಲ. ಸುತ್ತಲಿಗಿಂತ ಬೇರೆ ಬಿಸಿಯಿರುವ ಏನಾದರೂ ಮುಂದೆ ಸರಿದಾಡಿದರೆ ಸಾಕು, ಕ್ಲಿಕ್. ಬೆಳಗಿನ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದಾಗಲೆಲ್ಲ ಮೂರು ಮೂರು ಫೋಟೋ. ನಾನು ಎಂಟು ದಿನ ಬಿಟ್ಟು ಹೋಗಿ ಮೆಮೊರಿ ಕಾರ್ಡ್ ತೆಗೆದೆ. ಅದು ಎರಡನೇ ದಿನ ಮಧ್ಯಾಹ್ನಕ್ಕೇ ತುಂಬಿತ್ತು. ಸಾವಿರಾರು ಫೋಟೋ, ಎಲ್ಲಾ ಹುಲ್ಲು. ಅಷ್ಟರಲ್ಲಿ ಹಣ್ಣು ಮುಗಿದಿತ್ತು, ಗೋಡೆ ಮೇಲಿನ ಹಿಕ್ಕೆಯೂ ನಿಂತಿತ್ತು. ಮರ ಮತ್ತೆ ಹಣ್ಣಾಗುವ ತನಕ ತಿಂಗಳುಗಟ್ಟಲೆ ಕಾದೆ. ಇದ್ದದ್ದು ಅದೇ ಕ್ಯಾಮೆರಾ, ಮೆಗಾಪಿಕ್ಸೆಲ್ ಒಂದೂ ಹೆಚ್ಚಾಗಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಮೊದಲು ಒಂದು ವಾರ ಬೆಳಿಗ್ಗೆ ಬೇಗ ಹೋಗಿ ಹಿಕ್ಕೆ, ಹೆಜ್ಜೆ, ಹಣ್ಣಿನ ಮರ ನೋಡಿ. ಸಾಧಾರಣ ಕ್ಯಾಮೆರಾ ಸಾಕು, ಬಿಳಿ ಫ್ಲ್ಯಾಶ್ ಮಾತ್ರ ಬೇಡ. ಮುಖ ಉತ್ತರಕ್ಕಿರಲಿ, ಹಾದಿಗೆ ಓರೆಯಾಗಿ ಕಟ್ಟಿ, ಮುಂದಿನ ಹುಲ್ಲನ್ನು ಕೈಯಿಂದಲೇ ಕಿತ್ತುಹಾಕಿ, ಮರುದಿನವೇ ಕಾರ್ಡ್ ನೋಡಿ. ಕೋಳಿ, ಮೀನು ಇಟ್ಟು ಕರೆಯೋದು ಬೇಡವೇ ಬೇಡ, ಬೀದಿನಾಯಿಗಳು ಬಂದು ಕಾಯುತ್ತವೆ. ವಾಕಿಂಗ್ ಬಂದವರ ಫೋಟೋ ಬಿದ್ದರೆ ಆಗಲೇ ಅಳಿಸಿ.

ಎರಡನೇ ಸಲ ಗೋಡೆಯ ಎತ್ತರಕ್ಕೇ ಕಟ್ಟಿದೆ. ಮೂರನೇ ರಾತ್ರಿ, 2 ಗಂಟೆ 40 ನಿಮಿಷಕ್ಕೆ ನಾಲ್ಕು ಫೋಟೋ. ಕಣ್ಣ ಸುತ್ತ ಕಪ್ಪು, ಮೈಯಷ್ಟೇ ಉದ್ದದ ಬಾಲ, ಬಾಲಕ್ಕೆ ಪಟ್ಟೆಯಿಲ್ಲ: ಮರ ಹತ್ತುವ ಜಾತಿಯ ಪುನುಗು ಬೆಕ್ಕು. ಮಾಲಿಗೆ ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರ ಹಿಂದ ಇನ್ನೊಂದ ಐತಲ್ರೀ" ಅಂದ. ನಾಲ್ಕನೇ ಫೋಟೋದ ಅಂಚಿನಲ್ಲಿ, ಬಾಲಕ್ಕೆ ಅಂಟಿಕೊಂಡಂತೆ, ಮರಿಯ ಮೂತಿ ಇತ್ತು.