ಐಟೂಸಿ ಕಂಟ್ರೋಲರ್ 64 ಬೈಟ್‌ಗಿಂತ ಜಾಸ್ತಿ ಕಳಿಸಲ್ಲ, ಕರ್ನಲ್‌ನ ತಪಾಸಣೆ ತೆಗೆದುಬಿಡಲೇ?

ಕಪನೂರಿನ ದಾಲ್ ಮಿಲ್ಲಿನಲ್ಲಿ ತೊಗರಿ ಗೋದಾಮಿನ ತೇವ, ತಾಪ ದಾಖಲಿಸುವ ಲಿನಕ್ಸ್ ಬೋರ್ಡ್ ನಿಮ್ಮದು. ಅದರ ಚಿಪ್‌ಗಳು ಎರಡು ತಂತಿಯಲ್ಲಿ ಮಾತಾಡುವ ದಾರಿ ಐಟೂಸಿ, ಅದನ್ನು ನಡೆಸುವುದು ಕಂಟ್ರೋಲರ್. ಕರೆಂಟ್ ಹೋದರೂ ಡೇಟಾ ಉಳಿಸುವ 24ಸಿ256 ಇಇಪ್ರಾಮ್ ಮೆಮೊರಿ ಚಿಪ್ಪಿಗೆ ನೀವೇ ಬರೆದ ಡ್ರೈವರ್ ಹಳೇ ಬೋರ್ಡಿನಲ್ಲಿ ಸರಿಯಾಗಿ ಓಡಿತ್ತು. ಹೊಸ ಬೋರ್ಡಿನಲ್ಲಿ 'ಅಡಾಪ್ಟರ್ ಕ್ವಿರ್ಕ್: ಮೆಸೇಜ್ ಟೂ ಲಾಂಗ್' ಅಂತ ಬಂದು ನಿಲ್ಲುತ್ತಿದೆ. ಅಂದರೆ ಈ ಕಂಟ್ರೋಲರ್‌ಗೆ (ಅಡಾಪ್ಟರ್) ಇರುವ ವಿಶೇಷ ಮಿತಿಗಿಂತ (ಕ್ವಿರ್ಕ್) ಸಂದೇಶ ಉದ್ದವಾಯಿತು ಅಂತ. ಉದ್ದ ನೋಡಿ ತಡೆಯುವ ಕರ್ನಲ್‌ನ ಆ ತಪಾಸಣೆಯನ್ನೇ ತೆಗೆದರೆ ಹೇಗೆ ಅಂತ ಕೇಳಿದ್ದೀರಿ.

ತೆಗೆಯಬೇಡಿ. ಅದನ್ನು ತೆಗೆದ ಮಾತ್ರಕ್ಕೆ ಕಂಟ್ರೋಲರ್‌ಗೆ ಹೆಚ್ಚು ಕಳಿಸೋಕೆ ಬರಲ್ಲ. ಈಗ ಎರರ್ ಆದರೂ ಕಾಣುತ್ತಿದೆ, ಆಮೇಲೆ ಡೇಟಾ ಸದ್ದಿಲ್ಲದೆ ಕೆಡಬಹುದು.

ಲಾಗ್ ಸಾಲನ್ನು ಕೊನೆವರೆಗೆ ಓದಿ, ಸೈಜ್ 66 ಅಂತ ಇರಬೇಕು. ಇಇಪ್ರಾಮ್ ಚಿಪ್ಪಿಗೆ ಒಂದು ಸಲಕ್ಕೆ ಬರೆಯಬಹುದಾದ ಪೇಜ್ 64 ಬೈಟ್, ಅದರ ಮುಂದೆ ವಿಳಾಸದ್ದು 2 ಬೈಟ್. ನಿಮ್ಮ ಕಂಟ್ರೋಲರ್ ಮಿತಿ 64. ಎರಡೇ ಬೈಟಿಗೆ ಕೆಲಸ ಕೆಟ್ಟಿದೆ!

ಈ ಮಿತಿಯನ್ನು ಕಂಟ್ರೋಲರ್ ಡ್ರೈವರ್ ತಾನೇ ಕೋರ್‌ಗೆ (ಕರ್ನಲ್‌ನ ಐಟೂಸಿ ಭಾಗ) ಹೇಳಿರುತ್ತದೆ. ಈ ಕ್ವಿರ್ಕ್ಸ್ ವ್ಯವಸ್ಥೆ 2015ರಲ್ಲಿ ಬಂತು. ಮೀಡಿಯಾಟೆಕ್ ಎಂಟಿ6577 ಡ್ರೈವರ್ ತೆಗೆದು ನೋಡಿ: ಬರೆಯುವುದಕ್ಕೆ 255 ಬೈಟ್, ಆದರೆ ಬರೆದ ಬೆನ್ನಿಗೇ ಓದುವ ಜೋಡಿ ಸಂದೇಶದಲ್ಲಿ ಓದು ಬರೀ 31. ಹಾರ್ಡ್‌ವೇರ್ ಹೀಗೂ ಇರುತ್ತದೆ.

ಹಾಗಾದರೆ ಕೋರ್ ತಾನೇ ತುಂಡು ಮಾಡಿ ಕಳಿಸಬಹುದಲ್ವಾ? ಇಲ್ಲ, ಎಲ್ಲಿ ಕತ್ತರಿಸಿದರೆ ನಡೆಯುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಡಿಎಸ್1307 ಗಡಿಯಾರದ ಚಿಪ್ ಪ್ರತಿ ಸ್ಟಾರ್ಟ್‌ಗೂ (ಸಂದೇಶ ಶುರುವಾಗುವ ಸಂಕೇತ) ಸಮಯದ ಹೊಸ ನಕಲು ಹಿಡಿಯುತ್ತದೆ. 10:59:59ಕ್ಕೆ ಸೆಕೆಂಡು, ನಿಮಿಷ ಓದಿ, ಇನ್ನೊಂದು ಸ್ಟಾರ್ಟ್ ಕೊಟ್ಟು ಗಂಟೆ ಓದಿದರೆ 11:59:59 ಅಂತ ಬರಬಹುದು. ಒಂದು ಗಂಟೆ ಮುಂದೆ! ಅದಕ್ಕೇ ಕೋರ್ ಎರರ್ ಕೊಟ್ಟು ಸುಮ್ನಾಗುತ್ತದೆ, ಕತ್ತರಿಸುವ ತೀರ್ಮಾನ ಆ ಚಿಪ್ಪಿನ ಡ್ರೈವರಿನದು.

ನಿಮ್ಮ ಡ್ರೈವರ್‌ನಲ್ಲಿ 'ಈ ಬೋರ್ಡ್ ಆದರೆ ಹೀಗೆ' ಅಂತ ಇಫ್ ಹಾಕಬೇಡಿ, ನಾಳೆ ಇನ್ನೊಂದು ಬೋರ್ಡ್ ಬರುತ್ತದೆ. ಅಡಾಪ್ಟರಿನ ಕ್ವಿರ್ಕ್ಸ್‌ನಿಂದ ಮ್ಯಾಕ್ಸ್ ರೈಟ್ ಲೆನ್ (ಬರೆಯುವ ಗರಿಷ್ಠ ಉದ್ದ) ಓದಿ. ಕ್ವಿರ್ಕ್ಸ್ ಪಾಯಿಂಟರ್ ನಲ್ (ಖಾಲಿ) ಇರಬಹುದು, ಆಗಲೂ, ಬೆಲೆ ಸೊನ್ನೆ ಇದ್ದಾಗಲೂ ಮಿತಿ ಇಲ್ಲ ಅಂತ. ಅದರಲ್ಲಿ ವಿಳಾಸದ 2 ಕಳೆದರೆ 62 ಉಳಿಯುತ್ತದೆ. 62 ಬಿಡಿ, 32 ಇಟ್ಟುಕೊಳ್ಳಿ. ಪೇಜಿನ ಅಂಚು ದಾಟಿದರೆ ಈ ಚಿಪ್ ಅದೇ ಪೇಜಿನ ಶುರುವಿಗೆ ಹೋಗಿ ಹಳೇದರ ಮೇಲೆ ಬರೆಯುತ್ತದೆ. 32ರ ಲೆಕ್ಕದಲ್ಲೇ ಶುರು ಮಾಡಿದರೆ ಆ ತಾಪತ್ರಯ ಇಲ್ಲ. ಪ್ರತಿ ತುಂಡು ಬರೆದ ನಂತರ ಚಿಪ್ ಸುಮಾರು 5 ಮಿಲಿಸೆಕೆಂಡ್ ಉತ್ತರ ಕೊಡಲ್ಲ, ಕಾಯಿರಿ.

ನಿಜ ಹೇಳಬೇಕೆಂದರೆ ಸ್ವಂತ ಡ್ರೈವರ್ ಬೇಕೇ ಇರಲಿಲ್ಲ. ಕರ್ನಲ್‌ನಲ್ಲೇ ಎಟಿ24 ಎಂಬ ಇಇಪ್ರಾಮ್ ಡ್ರೈವರ್ ಇದೆ, ಅದರ ಐಒ ಲಿಮಿಟ್ ಪ್ಯಾರಾಮೀಟರ್ (ಒಂದು ಸಲಕ್ಕೆ ಎಷ್ಟು ಬೈಟ್ ಅನ್ನೋದು) 32 ಮಾಡಿದರೆ ಮುಗಿಯಿತು.

ಇನ್ನೊಂದು, ಕಂಟ್ರೋಲರ್ ಇರುವ ಚಿಪ್ಪಿನ ಮ್ಯಾನುಯಲ್ ನೋಡಿ. ಉದ್ದದ ರಿಜಿಸ್ಟರೇ ಚಿಕ್ಕದಿದ್ದರೆ ಮಿತಿ ನಿಜವಾದದ್ದು. ಬರೀ ಫೈಫೋ (ಕಳಿಸುವ ಬೈಟ್‌ಗಳು ಸಾಲಾಗಿ ಕಾಯುವ ಜಾಗ) 64 ಬೈಟ್ ಇದ್ದು, ನಡುವೆ ಇಂಟರಪ್ಟ್ (ಕಂಟ್ರೋಲರ್ ಕೊಡುವ ಸೂಚನೆ) ಬಂದಾಗ ಮತ್ತೆ ತುಂಬಬಹುದು ಅಂತಿದ್ದರೆ, ಆ ಕೋಡ್ ಬರೆಯುವ ಸೋಮಾರಿತನಕ್ಕೆ ಮಿತಿ ಹಾಕಿರಬಹುದು. ಆಗ ರಿಪೇರಿ ಕಂಟ್ರೋಲರ್ ಡ್ರೈವರ್‌ನಲ್ಲಿ ಆಗಬೇಕು. ರಾಸ್ಪ್‌ಬೆರಿ ಪೈ ಡ್ರೈವರ್ 16 ಬೈಟಿನ ಫೈಫೋ ಇಟ್ಟುಕೊಂಡೇ ಅದಕ್ಕಿಂತ ಉದ್ದದ ಸಂದೇಶ ಕಳಿಸುತ್ತದೆ.

ತುಂಡು ಮಾಡಿದ ಮೇಲೆ ಒಂದು ಹೊಸ ತೊಂದರೆ ಇದೆ. ನಮ್ಮ ಕಲಬುರಗಿ ಬೇಸಿಗೆಯಲ್ಲಿ ಕರೆಂಟ್ ಎರಡು ತುಂಡುಗಳ ನಡುವೆಯೇ ಹೋಗಬಹುದು. ಅರ್ಧ ಹೊಸದು, ಅರ್ಧ ಹಳೇದು ಇರುವ ರೆಕಾರ್ಡ್ ಉಳಿಯುತ್ತದೆ. ಪ್ರತಿ ರೆಕಾರ್ಡಿನ ಕೊನೆಗೆ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಅಂತ ನೋಡುವ ತಾಳೆ ಸಂಖ್ಯೆ) ಹಾಕಿ, ಓದುವಾಗ ತಾಳೆಯಾಗದ್ದನ್ನು ಬಿಟ್ಟುಬಿಡಿ. ರೆಕಾರ್ಡನ್ನೇ 32 ಬೈಟಿಗೆ ಇಳಿಸಲು ಆದರೆ ಇನ್ನೂ ಒಳ್ಳೆಯದು.