2016ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಗೆಲ್ಲುತ್ತಾರೆ ಎಂದ ಸಮೀಕ್ಷೆಗಳು ತಪ್ಪಿದ್ದೇಕೆ?

ಇಡೀ ದೇಶದ ಸಮೀಕ್ಷೆಗಳು ಅಷ್ಟೇನೂ ತಪ್ಪಿರಲಿಲ್ಲ. ಎಡವಿದ್ದು ಕೆಲವು ರಾಜ್ಯಗಳಲ್ಲಿ, ಅದೂ ಎಲ್ಲ ಕಡೆ ಒಂದೇ ದಿಕ್ಕಿಗೆ.

ಹಿಲರಿ ಕ್ಲಿಂಟನ್ ಸುಮಾರು ಶೇ 3ರಷ್ಟು ಮುಂದಿದ್ದಾರೆ ಅಂತ ಸಮೀಕ್ಷೆಗಳ ಸರಾಸರಿ ಹೇಳುತ್ತಿತ್ತು. ಟ್ರಂಪ್‌ಗಿಂತ ಶೇ 2ರಷ್ಟು ಜಾಸ್ತಿ ಮತ ಅವರಿಗೆ ನಿಜಕ್ಕೂ ಬಂತು. ಆದರೆ ಅಮೆರಿಕದಲ್ಲಿ ಒಟ್ಟು ಮತ ನೋಡಿ ಅಧ್ಯಕ್ಷರನ್ನು ಆರಿಸುವುದಿಲ್ಲ, ಅಲ್ವಾ? ಪ್ರತಿ ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ಒಟ್ಟು 538, ಗೆಲ್ಲಲು 270 ಬೇಕು. ಎರಡು ರಾಜ್ಯ ಬಿಟ್ಟರೆ ಉಳಿದೆಡೆ ಒಂದೇ ಮತ ಮುಂದಿದ್ದರೂ ಅಲ್ಲಿನ ಎಲ್ಲ ಎಲೆಕ್ಟರ್‌ಗಳೂ ಗೆದ್ದವರಿಗೇ. ಸಮೀಕ್ಷೆಗಳಲ್ಲಿ ಹಿಲರಿ ಮುಂದಿದ್ದ ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾದ 46 ಎಲೆಕ್ಟರ್‌ಗಳು ಟ್ರಂಪ್ ಪಾಲಾದರು. ಮೂರೂ ರಾಜ್ಯದ ಅಂತರ ಕೂಡಿಸಿದರೂ 80,000 ಮತ ದಾಟಲಿಲ್ಲ.

ತಪ್ಪು ಒಂದೇ ಕಡೆ ವಾಲಿದ್ದು ಯಾಕೆ? ಸಮೀಕ್ಷೆಯವರು ಫೋನ್ ಮಾಡಿದರೆ ಕಾಲೇಜು ಓದಿದವರು ಉತ್ತರಿಸುವುದು ಜಾಸ್ತಿ. ಅವರಲ್ಲಿ ಹೆಚ್ಚಿನವರು ಹಿಲರಿ ಕಡೆಗಿದ್ದರು. ಹಾಗಾಗಿ ಉತ್ತರಗಳನ್ನು ಜನಸಂಖ್ಯೆಯ ಓದಿನ ಪ್ರಮಾಣಕ್ಕೆ ಸರಿದೂಗಿಸಬೇಕು. ರಾಜ್ಯಮಟ್ಟದ ಹಲವು ಸಮೀಕ್ಷೆಗಳು ಇದನ್ನೇ ಬಿಟ್ಟಿದ್ದವು. ಕೊನೇ ವಾರದಲ್ಲಿ ಮನಸ್ಸು ಮಾಡಿದವರಲ್ಲಿ ಟ್ರಂಪ್ ಕಡೆ ಹೋದವರೂ ಜಾಸ್ತಿ.

ಇಂಥ ತಪ್ಪು ಒಂದು ರಾಜ್ಯದಲ್ಲಾದರೆ ಅದರಂಥ ಪಕ್ಕದ ರಾಜ್ಯದಲ್ಲೂ ಆಗುತ್ತದೆ. ಸಮೀಕ್ಷೆ ನೋಡಿ ಭವಿಷ್ಯ ಹೇಳುವವರಲ್ಲಿ ಇದನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯದ ಕೆಲವರು ಹಿಲರಿ ಗೆಲುವು ಶೇ 99 ಖಚಿತ ಎಂದುಬಿಟ್ಟರು. ಲೆಕ್ಕಕ್ಕೆ ಹಿಡಿದ ಫೈವ್‌ಥರ್ಟಿಎಯ್ಟ್ ಎಂಬ ಚುನಾವಣಾ ಭವಿಷ್ಯದ ಜಾಲತಾಣ ಟ್ರಂಪ್‌ಗೆ ಶೇ 29ರಷ್ಟು ಅವಕಾಶ ಕೊಟ್ಟಿತ್ತು.