ಹಳೇ ಇಂಗ್ಲಿಷ್ ಪತ್ರದ ‘ಇನ್‌ಸ್ಟ್.’ ಅಂದರೆ ಏನು? ಈಗ ನಾವೂ ಬಳಸಬಹುದಾ?

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪತ್ರ, ಅದರಲ್ಲಿ ‘10ನೇ ಇನ್‌ಸ್ಟ್.’ ಅನ್ನೋ ಸಾಲು. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನಗೆ ಹಾಸನದ ಕೋರ್ಟಿನ ಹಿಂದಿನ ಬೆಂಚು ನೆನಪಾಯಿತು. ಐ, ಎನ್, ಎಸ್, ಟಿ, ಕೊನೆಗೊಂದು ಚುಕ್ಕೆ. ನನ್ನ ಅನ್ನಕ್ಕೆ ಕಲ್ಲು ಹಾಕಿದ್ದು ಇದೇ ಪದ.

ಆಗ 1998. ಬಿ.ಎ. ಮುಗಿಸಿ ಒಬ್ಬ ವಕೀಲರಿಗೆ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೆ. ಪುಟಕ್ಕೆ 30 ರೂಪಾಯಿ. ಅವರ ಕೈಯಲ್ಲಿ ಕಾಫಿ ತೋಟದ ಪಾಲಿನ ದಾವೆ ಒಂದಿತ್ತು. ತೋಟದ ಮೇಲಿದ್ದ ಸಾಲವನ್ನು ಕಕ್ಷಿದಾರರ ಅಜ್ಜ ತೀರಿಸಿದ್ದರೋ ಇಲ್ಲವೋ ಅನ್ನೋದೇ ಜಗಳ. ಸಾಲ ಕೊಟ್ಟವರು ಮಂಗಳೂರಿನಿಂದ 1938ರಲ್ಲಿ ಬರೆದ ಪತ್ರಗಳೇ ಸಾಕ್ಷಿ.

ಮೊದಲ ಪತ್ರದ ತಾರೀಖು 23 ಫೆಬ್ರವರಿ. ‘15ನೇ ಇನ್‌ಸ್ಟ್. ನೀವು ಕಳಿಸಿದ 50 ರೂಪಾಯಿ ತಲುಪಿತು’ ಅಂತಿತ್ತು. ಕಾಲೇಜು ಫೀಸಿನ ರಸೀದಿಯಲ್ಲಿ ‘1ನೇ ಇನ್‌ಸ್ಟ್., 2ನೇ ಇನ್‌ಸ್ಟ್.’ ಅಂತ ನೋಡಿ ನೋಡಿ ಬೆಳೆದವನು ನಾನು. ಇನ್‌ಸ್ಟ್. ಅಂದರೆ ಇನ್‌ಸ್ಟಾಲ್‌ಮೆಂಟ್, ಕಂತು, ಇನ್ನೇನಿರುತ್ತೆ? ‘15ನೇ ಕಂತಿನ 50 ರೂಪಾಯಿ’ ಅಂತ ಬರೆದೆ.

ಎರಡನೇ ಪತ್ರ 22 ಮಾರ್ಚ್‌ನದು. ಅದರಲ್ಲಿ ‘12ನೇ ಇನ್‌ಸ್ಟ್.’ ಅಂತಿತ್ತು.

ಇಲ್ಲೇ ನಾನು ಪೆನ್ನು ಕೆಳಗಿಡಬೇಕಿತ್ತು. ಫೆಬ್ರವರಿಯಲ್ಲಿ 15ನೇ ಕಂತು ಕಟ್ಟಿದವರು ಮಾರ್ಚಿನಲ್ಲಿ 12ನೇ ಕಂತು ಹೇಗೆ ಕಟ್ಟುತ್ತಾರೆ? ಕಂತು ಎಲ್ಲಾದರೂ ಹಿಂದಕ್ಕೆ ಓಡುತ್ತಾ? ನನಗೂ ಅನುಮಾನ ಬಂತು, ಬರಲಿಲ್ಲ ಅಂತಲ್ಲ. ಆದರೆ ಅನುಮಾನ ಪಟ್ಟಿದ್ದು ಯಾರ ಮೇಲೆ? 1938ರ ಆ ಟೈಪಿಸ್ಟ್ ಮೇಲೆ! ‘ಮೂಲದಲ್ಲಿ ಕಂತಿನ ಸಂಖ್ಯೆ ತಪ್ಪಾಗಿದೆ’ ಅಂತ ಕೆಳಗೆ ಟಿಪ್ಪಣಿ ಬೇರೆ ಹಾಕಿದೆ. ಅಡ್ಡಗೆರೆ ಎಳೆದು, ನೀಟಾಗಿ. ಆ ಟಿಪ್ಪಣಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೂರನೇ ಪತ್ರ 4 ಮೇ. ಅದರಲ್ಲಿ ‘28ನೇ ಅಲ್ಟ್.’ ಅಂತಿತ್ತು. ಅಲ್ಟಿಮೇಟ್ ಅಂದರೆ ಕೊನೆಯದು ಅಲ್ವಾ? ‘28ನೇ ಹಾಗೂ ಕೊನೆಯ ಕಂತು’ ಅಂತ ಬರೆದು ಮುಗಿಸಿದೆ. 28 ಕಂತು, ತಲಾ 50 ರೂಪಾಯಿ, ಒಟ್ಟು 1,400. ಸಾಲ ಚುಕ್ತಾ! ವಕೀಲರಿಗೆ ಖುಷಿಯೋ ಖುಷಿ.

ಎದುರು ಪಕ್ಷದ ವಕೀಲರಿಗೆ ತುಂಬಾ ವಯಸ್ಸಾಗಿತ್ತು. ಎದ್ದು ನಿಂತು ನಿಧಾನವಾಗಿ ಕೇಳಿದರು: ‘ಸ್ವಾಮಿ, ಇವರ ಕಡೆಯವರು ಕಂತನ್ನ ಹಿಂದಿನಿಂದ ಮುಂದಕ್ಕೆ ಕಟ್ತಿದ್ರಾ?’ ಹಾಲ್ ಪೂರ್ತಿ ನಕ್ಕಿತು. ನನ್ನ 14 ಪುಟದ 420 ರೂಪಾಯಿ ಹೋಯಿತು. ಅದು ಹೋಗಲಿ, ಮುಂದಿನ ಎರಡು ವರ್ಷ ಆ ಕೋರ್ಟಿನ ಯಾವ ವಕೀಲರೂ ನನಗೆ ಕೆಲಸ ಕೊಡಲಿಲ್ಲ.

ಅರ್ಥ ಹೇಳಿಕೊಟ್ಟಿದ್ದು ಗೇಟಿನ ಹತ್ತಿರ ಟೈಪ್ ಮಾಡುತ್ತಿದ್ದ ಒಬ್ಬ ಅಜ್ಜ. ‘ಇನ್‌ಸ್ಟ್. ಈ ತಿಂಗಳು, ಅಲ್ಟ್. ಹೋದ ತಿಂಗಳು, ಪ್ರಾಕ್ಸ್. ಬರೋ ತಿಂಗಳು. ಇಷ್ಟೇ ಕಣಪ್ಪ’ ಅಂದರು. ಇನ್‌ಸ್ಟಂಟ್, ಅಲ್ಟಿಮೊ, ಪ್ರಾಕ್ಸಿಮೊ ಅನ್ನೋದರ ಮೊಟಕು ರೂಪ ಇವು, ಬೇರು ಲ್ಯಾಟಿನ್. ನಮ್ಮ ಕಚೇರಿ ಕನ್ನಡದಲ್ಲಿ ‘ಪ್ರಸಕ್ತ ಮಾಹೆ’ ಅಂತೀವಲ್ಲ, ಅದೇ ಜಾತಿ. ಬ್ರಿಟಿಷ್ ವ್ಯಾಪಾರಿಗಳ ಪತ್ರ, ಹಳೇ ಪತ್ರಿಕೆಗಳ ಸಾವಿನ ಸುದ್ದಿ, ಎಲ್ಲದರಲ್ಲೂ ಇವೇ. ಅಲ್ಲಿಂದಲೇ ನಮ್ಮ ಕಚೇರಿಗಳಿಗೂ ಬಂದವು. ಅಂದರೆ ಕಕ್ಷಿದಾರರ ಅಜ್ಜ ಕಟ್ಟಿದ್ದು ಫೆಬ್ರವರಿ 15, ಮಾರ್ಚ್ 12, ಏಪ್ರಿಲ್ 28ರಂದು, ಮೂರೇ ಸಲ. ಒಟ್ಟು 150 ರೂಪಾಯಿ.

ಹಾಗಾಗಿ ‘ಈ ಪದದ ಅರ್ಥವೇನು’ ಅನ್ನೋ ಪ್ರಶ್ನೆಯೇ ಅರ್ಧಂಬರ್ಧ ಅಂತೀನಿ, ಬೇಜಾರಾಗಬೇಡಿ. ಅರ್ಥ ಇರೋದು ಪತ್ರದ ನೆತ್ತಿಯ ಮೇಲಿರುವ ತಾರೀಖಿನಲ್ಲಿ. ಅದನ್ನು ನೋಡದೆ ನಿಘಂಟು ತೆಗೆದರೆ ಏನೂ ಸಿಗಲ್ಲ. ಜನವರಿ ಪತ್ರದಲ್ಲಿ ಅಲ್ಟ್. ಬಂದರೆ ತಿಂಗಳ ಜೊತೆ ವರ್ಷವೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಎಡವಿದವರನ್ನೂ ನೋಡಿದ್ದೀನಿ.

ನಿಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಬರೆಯೋ ದೂರಿನಲ್ಲಿ ‘ತೂಕ ಬರಲಿ’ ಅಂತ ಇದನ್ನು ಹಾಕಬೇಕು ಅಂದಿದ್ದೀರಿ. ದಯವಿಟ್ಟು ಬೇಡ. ದೂರು ಬೇರೆ ಮೇಂಟೆನೆನ್ಸ್ ದುಡ್ಡಿನದು, ಖಂಡಿತ ಕಂತು ಅಂತಲೇ ಓದುತ್ತಾರೆ. ಚಿಕ್ಕ ಹುಡುಗರು ಇನ್‌ಸ್ಟಾಗ್ರಾಂ ಅಂದುಕೊಂಡರೂ ಆಶ್ಚರ್ಯವಿಲ್ಲ. ಸುಮ್ನೆ ತಾರೀಖು, ತಿಂಗಳು, ವರ್ಷ ಪೂರ್ತಿ ಬರೆಯಿರಿ.

ಇನ್ನು ಅಜ್ಜನ ಪತ್ರದ ಮೇಲ್ಭಾಗ ಹರಿದಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಆ ‘10ನೇ ಇನ್‌ಸ್ಟ್.’ ಯಾವ ತಿಂಗಳೂ ಆಗಿರಬಹುದು. ಟ್ರಂಕಿನಲ್ಲಿ ಕವರ್ ಇದೆಯಾ ಹುಡುಕಿ, ಅಂಚೆ ಮುದ್ರೆ ನೋಡಿ. ಮುದ್ರೆಯಲ್ಲಿ 1, 2ನೇ ತಾರೀಖಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಹಿಂದಿನ ತಿಂಗಳ ಕೊನೇ ದಿನ ಬರೆದು, ಮರುದಿನ ಡಬ್ಬಿಗೆ ಹಾಕಿರಬಹುದು.